ಪಾದವಿಲ್ಲದ ಹೆಂಗಸು

ಫೆಬ್ರವರಿ 7, 2000, ಸೋಮವಾರ

ನ್ಯೂಜರ್ಸಿಯ ಮೆಟ್ರೋಪಾರ್ಕ್‌ನಿಂದ ಹೊರಟ ಏಳು ಇಪ್ಪತ್ತರ ರೈಲಿನಲ್ಲಿ ಕಿಟಕಿ ಪಕ್ಕದ ಸೀಟು ಸಿಕ್ಕಿದೆ. ಇದನ್ನು ಬರೆಯುತ್ತಿರುವುದು ಯಾರಿಗೂ ತೋರಿಸುವುದಕ್ಕಲ್ಲ, ನನ್ನ ಅಕ್ಷರ ನಾನೇ ನೋಡಿಕೊಳ್ಳುವುದಕ್ಕೆ. ರೈಲು ಅಲುಗಿದರೆ ಅಕ್ಷರವೂ ಅಲುಗುತ್ತದೆ, ಅದು ರೈಲಿನ ತಪ್ಪು. ಆದರೆ ಈ ಸಾಲನ್ನು ರೈಲು ಎಲಿಜಬೆತ್ ಸ್ಟೇಷನ್ನಿನಲ್ಲಿ ನಿಂತಾಗ ಬರೆದೆ. ಇದರಲ್ಲೂ ಗೆರೆ ನಡುಗಿದೆ.

ಮೂರು ವಾರದಿಂದ ಬಲಗೈ ಹೀಗೆ. ಬೆಳಿಗ್ಗೆ ಬಚ್ಚಲಿನ ಬಾಗಿಲು ಹಾಕಿಕೊಂಡು, ಚಾಚಿದ ಬೆರಳುಗಳ ಮೇಲೆ ಒಂದು ಹಾಳೆ ಇಟ್ಟು ನೋಡುತ್ತೇನೆ. ಹಾಳೆಯ ಅಂಚು ಸಣ್ಣಗೆ ಪಟಪಟ ಎನ್ನುತ್ತದೆ. ಅಮ್ಮನಿಗೂ ಶುರುವಾದದ್ದು ಬಲಗೈಯಲ್ಲೇ, ನಲವತ್ತೊಂದಕ್ಕೆ. ಮೈಸೂರಿನ ನಮ್ಮ ಬೀದಿಯಲ್ಲಿ ನಮ್ಮಮ್ಮ ಗಿರಿಜಾದೇವಿಯ ರಂಗೋಲಿ ಎಂದರೆ ಜನ ನಿಂತು ನೋಡುತ್ತಿದ್ದರು. ಐವತ್ತಾಗುವಷ್ಟರಲ್ಲಿ ಅವಳಿಗೆ ಲೋಟ ಹಿಡಿಯಲಾಗುತ್ತಿರಲಿಲ್ಲ. ಯಾರಾದರೂ ಮನೆಗೆ ಬಂದರೆ ಕೈಯನ್ನು ಸೆರಗಿನೊಳಗೆ ಸೇರಿಸಿಕೊಂಡು ಕೂರುತ್ತಿದ್ದಳು. ಅರವತ್ತಕ್ಕೆ ತೀರಿಕೊಂಡಳು. ನನಗೀಗ ಮೂವತ್ತೊಂಬತ್ತು.

ನನ್ನ ಕೆಲಸಕ್ಕೆ ಬೇಕಾದದ್ದು ಕೈ ಒಂದೇ. ಒಕಾಬೆಯವರ ಸ್ಟುಡಿಯೋದಲ್ಲಿ ಜಪಾನಿನ ಹಳೆಯ ಸುರುಳಿಪಟಗಳನ್ನು ಬಿಚ್ಚಿ, ತೊಳೆದು, ಬೆನ್ನಿಗೆ ಹೊಸ ಕಾಗದ ಅಂಟಿಸಿ ಮತ್ತೆ ಕಟ್ಟುತ್ತೇವೆ. ಮೈಸೂರಿನಲ್ಲಿ ಒಂಬತ್ತು ವರ್ಷ ತಾಳೆಗರಿಗಳಿಗೆ ಎಣ್ಣೆ ಸವರಿದವಳು ಎಂದು ನನ್ನನ್ನು ಸೇರಿಸಿಕೊಂಡರು. ನಳಿನಿ ಎನ್ನಲು ಅವರಿಗೆ ನಾಲಿಗೆ ಹೊರಳದು, ‘ನರಿನಿ-ಸಾನ್’, ಅಂದರೆ ನಳಿನಿಯವರೇ, ಎನ್ನುತ್ತಾರೆ. ಚೆಲುವರಾಜುಗೆ ಅದು ಮಹಾ ತಮಾಷೆ. ಗಂಡನಾದವನು ಸಂಜೆ ಬಾಗಿಲು ತೆಗೆದು, “ಬಾ ನರಿ” ಅನ್ನುತ್ತಾನೆ.

ಅವನಿಗೂ ಹೇಳಿಲ್ಲ.

ಫೆಬ್ರವರಿ 10, ಗುರುವಾರ

ಸ್ಟುಡಿಯೋಗೆ ಇವತ್ತು ಒಂದು ದೆವ್ವ ಬಂತು.

ತಂದವರು ಮಿಸೆಸ್ ಹಮಾದಾ. ಎಪ್ಪತ್ತೆರಡು ವರ್ಷ, ಗುಬ್ಬಿಯಂಥ ಹೆಂಗಸು. ದಕ್ಷಿಣ ಜರ್ಸಿಯ ಸೀಬ್ರೂಕ್‌ನಿಂದ ಉದ್ದನೆಯ ಮರದ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡೇ ಬಸ್ಸಿನಲ್ಲಿ ಬಂದಿದ್ದರು. ಒಕಾಬೆಯವರು ಸುರುಳಿ ಬಿಚ್ಚಿದರು. ರೇಷ್ಮೆಯ ಮೇಲೆ ಮಸಿಯಲ್ಲಿ ಬರೆದ ಹೆಂಗಸು. ಕೆದರಿದ ಕೂದಲು, ಬಿಳಿ ಬಟ್ಟೆ, ಮುಖದಲ್ಲಿ ರಕ್ತವಿಲ್ಲ. ಸೊಂಟದ ಕೆಳಗೆ ಕುಂಚ ಒಣಗುತ್ತಾ ಹೋಗಿ ಬರೀ ರೇಷ್ಮೆ ಉಳಿದಿದೆ. ನಮ್ಮ ಕಡೆ ದೆವ್ವದ ಪಾದ ಹಿಂದುಮುಂದು. ಇವರಲ್ಲಿ ಪಾದವೇ ಇಲ್ಲ.

“ಇದು ಹೇಗೆ ಉಳಿಯಿತು ಗೊತ್ತಾ?” ಎಂದರು ಮಿಸೆಸ್ ಹಮಾದಾ. “ನಲವತ್ತೊಂದರಲ್ಲಿ ಯುದ್ಧ ಶುರುವಾದಾಗ ನಾವು ಕ್ಯಾಲಿಫೋರ್ನಿಯಾದಲ್ಲಿ ಸ್ಟ್ರಾಬೆರಿ ಬೆಳೀತಿದ್ದೆವು. ಪೊಲೀಸರು ಮನೆ ಮನೆಗೆ ನುಗ್ತಿದ್ದರು. ಜಪಾನಿನದ್ದು ಏನು ಸಿಕ್ಕಿದರೂ ಗೂಢಚಾರರು ಅಂತ ಅಪ್ಪಂದಿರನ್ನ ಎಳ್ಕೊಂಡು ಹೋಗ್ತಿದ್ದರು. ಅಮ್ಮ ಹಿತ್ತಿಲಲ್ಲಿ ಬೆಂಕಿ ಹಾಕಿದಳು. ಪತ್ರಗಳು, ನನ್ನ ಗೊಂಬೆಗಳು, ಅಜ್ಜನ ಫೋಟೋ, ಎಲ್ಲಾ ಹಾಕಿದಳು. ಇದು ಕೈಗೆ ಬಂದಾಗ ನಿಂತುಬಿಟ್ಟಳು. ಸುಟ್ಟರೆ ಇವಳು ಪಟ ಬಿಟ್ಟು ಹೊರಗೆ ಬಂದುಬಿಡ್ತಾಳೆ ಅಂತ ಭಯ.”

ಹಾಸಿಗೆಯೊಳಗೆ ಇಟ್ಟು ಹೊಲಿದರಂತೆ. ಜಪಾನಿ ಮೂಲದವರನ್ನೆಲ್ಲ ಸರ್ಕಾರ ಕೂಡಿಹಾಕಿದ ಮುಳ್ಳುತಂತಿಯ ಕ್ಯಾಂಪಿನಲ್ಲಿ ಎರಡು ವರ್ಷ ಇಡೀ ಕುಟುಂಬ ಅದೇ ಹಾಸಿಗೆಯ ಮೇಲೆ ಮಲಗಿತು. ಅಲ್ಲಿಂದ ಬಿಟ್ಟ ಮೇಲೆ ಸೀಬ್ರೂಕ್‌ನ ತರಕಾರಿ ಫ್ಯಾಕ್ಟರಿಯಲ್ಲಿ ಕೆಲಸ ಸಿಕ್ಕಿ ಇತ್ತ ಬಂದರು. ಮನೆಯಲ್ಲಿ ಜಪಾನಿನದೆಂದು ಉಳಿದದ್ದು ಇವಳೊಬ್ಬಳೇ.

ಜುಲೈಯಲ್ಲಿ ಓಬೊನ್. ನಮ್ಮ ಪಿತೃಪಕ್ಷದ ಹಾಗೆ ಸತ್ತವರು ಮನೆಗೆ ಬರುವ ದಿನಗಳು. ಅಷ್ಟರೊಳಗೆ ಬೇಕು. ಮಡಿಕೆಗಳಲ್ಲಿ ರೇಷ್ಮೆ ಸೀಳುತ್ತಿದೆ, ಬೆನ್ನಿನ ಕಾಗದ ಹುಳಿತು ಕಂದಾಗಿದೆ. ಒಕಾಬೆಯವರು ಬಹಳ ಹೊತ್ತು ನೋಡಿ, “ಹಿಂದಿನ ಕಾಗದ ಬಿಡಿಸುವುದು ನರಿನಿ-ಸಾನ್ ಮಾಡುತ್ತಾರೆ. ನನ್ನ ಕಣ್ಣಿಗಿಂತ ಅವರ ಕೈ ಸೂಕ್ಷ್ಮ” ಎಂದರು.

ನಾನು ತಲೆಯಾಡಿಸಿದೆ. ಎದೆ ಹೊಡೆದುಕೊಂಡದ್ದು ಅವರಿಗೆ ಕೇಳಿಸಿತೇನೋ ಎನಿಸಿತು.

ಫೆಬ್ರವರಿ 29, ಮಂಗಳವಾರ

ಶುರು ಮಾಡಿದೆವು. ಪಟದ ಮುಖಕ್ಕೆ ತೆಳು ಕಾಗದ ಹೊದಿಸಿ ಕವುಚಿ ಮಲಗಿಸಿದ್ದೇವೆ. ಬೆನ್ನಿನ ಹೊರಪದರಗಳು ಸುಲಭವಾಗಿ ಬಂದವು. ರೇಷ್ಮೆಗೆ ನೇರ ಅಂಟಿಕೊಂಡ ಕೊನೆಯ ಪದರವೇ ಕಷ್ಟ. ಅದನ್ನು ತೇವ ಮಾಡಿ, ಚಿಮಟದಲ್ಲಿ ಉಗುರಿನಷ್ಟಗಲ ಉಗುರಿನಷ್ಟಗಲವಾಗಿ ಬಿಡಿಸಬೇಕು. ದಿನಕ್ಕೆ ಒಂದು ಅಂಗೈಯಗಲವಾದರೆ ಹೆಚ್ಚು.

ಮುಂಗೈಯನ್ನು ಹಲಗೆಗೆ ಒತ್ತಿ ಹಿಡಿದು, ಎಡಗೈಯಿಂದ ಮಣಿಕಟ್ಟು ಅಮುಕಿಕೊಂಡರೆ ನಡುಕ ಕಡಿಮೆ. ಒಕಾಬೆಯವರು ನೋಡಿದಾಗ ಎಡಗೈ ತೆಗೆದುಬಿಡುತ್ತೇನೆ.

ಸ್ಟುಡಿಯೋದಲ್ಲಿ ಬೆವರುತ್ತೇನೆ. ಅವರು ಸ್ವೆಟರ್ ಮೇಲೆ ಸ್ವೆಟರ್ ಹಾಕಿಕೊಂಡು ಕೂತಿರುತ್ತಾರೆ, ನಾನು ಕಿಟಕಿ ತೆಗೆಯಲೇ ಎಂದು ಕೇಳುತ್ತೇನೆ. ಭಯಕ್ಕೆ ಹೀಗೂ ಆಗುತ್ತದೆ.

ಮಾರ್ಚ್ 9, ಗುರುವಾರ

ಹೊಟ್ಟೆ ಹಸಿವು ಹಸಿವು. ಬೆಳಿಗ್ಗೆ ನಾಲ್ಕು ದೋಸೆ ತಿಂದೆ. ಆದರೂ ಬಳೆ ಮೊಣಕೈವರೆಗೆ ಜಾರುತ್ತದೆ.

“ಡಯೆಟ್ ಮಾಡ್ತಿದೀಯಾ?” ಎಂದ ಚೆಲುವರಾಜು.

“ನಾಲ್ಕು ದೋಸೆ ತಿಂದಿದ್ದು ನೋಡ್ಲಿಲ್ವಾ?”

“ನೋಡ್ದೆ. ಅದಕ್ಕೇ ಕೇಳ್ತಿರೋದು.”

ಅವನ ಮುಖ ನೋಡದೆ ಬೂಟು ಹಾಕಿಕೊಂಡೆ.

ಮಾರ್ಚ್ 21, ಮಂಗಳವಾರ

ಕೂದಲು, ಹೆಗಲು, ತೋಳು ಮುಗಿದವು. ಇವತ್ತು ಮುಖದ ಹಿಂಭಾಗಕ್ಕೆ ಬಂದೆ. ಕಾಗದ ಬಿಡಿಸುತ್ತಲೇ ಕೈ ನಿಂತಿತು. ರೇಷ್ಮೆಯ ಬೆನ್ನಿನಲ್ಲಿ ಬಣ್ಣವಿದೆ! ಕೆನ್ನೆಗೆ ಚಿಪ್ಪಿನ ಪುಡಿಯ ಬಿಳಿ, ತುಟಿಗೆ ಸಿಂಧೂರದಂಥ ಕೆಂಪು. ಮುಂದಿನಿಂದ ನೋಡಿದರೆ ಅದು ರೇಷ್ಮೆಯ ಎಳೆಗಳ ನಡುವೆ ಇದೆಯೋ ಇಲ್ಲವೋ ಎನ್ನುವಷ್ಟು ಮಾತ್ರ.

“ಹಳೆಯ ವಿದ್ಯೆ” ಎಂದರು ಒಕಾಬೆಯವರು, ಪಿಸುಮಾತಿನಲ್ಲಿ. “ಸತ್ತವಳನ್ನು ಬರೆಯುವಾಗಲೂ ಚಿತ್ರಕಾರ ಹಿಂದೆ ರಕ್ತ ಇಟ್ಟಿದ್ದಾನೆ.” ನಂತರ ದನಿ ಗಟ್ಟಿಯಾಯಿತು. “ಇಲ್ಲಿಂದ ಎಚ್ಚರ. ಕಾಗದದ ಜೊತೆ ಬಣ್ಣ ಎದ್ದು ಬಂದರೆ ಆ ಮುಖ ಹೋಯಿತು. ಮತ್ತೆ ಬರೆಯುವ ಹಾಗಿಲ್ಲ, ಅದು ನಮ್ಮ ಕೆಲಸವಲ್ಲ.”

ಈಗಲೇ ಹೇಳಬೇಕು, ನನ್ನಿಂದಾಗದು ಎನ್ನಬೇಕು. ಬಾಯಿ ತೆರೆದೆ. “ಹಾಗೇ ಆಗಲಿ” ಎಂದೆ.

ಮಾರ್ಚ್ 29, ಬುಧವಾರ

ಆಯಿತು.

ಒಕಾಬೆಯವರು ಫೋನು ಎಂದು ಪಕ್ಕದ ಕೋಣೆಗೆ ಹೋಗಿದ್ದರು. ತುಟಿಯ ಮೇಲಿನ ಕಾಗದ, ಎಳ್ಳುಕಾಳಿನಷ್ಟೇ ಉಳಿದಿತ್ತು. ಎಡಗೈಯಿಂದ ಮಣಿಕಟ್ಟು ಹಿಡಿದಿದ್ದೆ. ಆದರೂ ಒಳಗಿನಿಂದ ಯಾರೋ ತಟ್ಟಿದ ಹಾಗೆ ಬೆರಳು ಎಗರಿತು. ಚಿಮಟದ ತುದಿಯಲ್ಲಿ ಕಾಗದದ ಚೂರು, ಅದರ ಹೊಟ್ಟೆಗೆ ಅಂಟಿಕೊಂಡು ಕೆಂಪು. ಕೆಳತುಟಿ ಅರ್ಧ ಖಾಲಿ.

ನಾನೇನು ಮಾಡಿದೆ? ಕೂಗಲಿಲ್ಲ. ಅವರ ಹೆಜ್ಜೆ ಕೇಳಿಸುವಷ್ಟರಲ್ಲಿ ಚೂರನ್ನು ಮಂತ್ಲಿ ಪಾಸಿನ ಪ್ಲಾಸ್ಟಿಕ್ ಕವರಿನೊಳಗೆ ಸೇರಿಸಿ ಕಾರ್ಡಿಗನ್ ಜೇಬಿಗೆ ಹಾಕಿದೆ. ಒಂಬತ್ತು ವರ್ಷ ಓಲೆಗರಿ ನೋಡಿಕೊಂಡವಳು. ಒಂದು ಅಕ್ಷರ ಉದುರಿದರೂ ರಿಜಿಸ್ಟರಿನಲ್ಲಿ ಬರೆಯುತ್ತಿದ್ದವಳು.

ಈಗ ನೆವಾರ್ಕ್ ದಾಟಿದೆ. ಪಾಸ್ ತೋರಿಸುವಾಗ ಕಂಡಕ್ಟರ್ ಟೋನಿ, “ಯು ಓಕೆ, ಹನಿ?” ಎಂದ. ತಲೆಯಾಡಿಸಿದೆ. ಅವನ ಕೈಯಲ್ಲಿ ಇದ್ದದ್ದು ಇನ್ನೂರು ವರ್ಷದ ಹೆಂಗಸಿನ ತುಟಿ.

ಮಾರ್ಚ್ 31, ಶುಕ್ರವಾರ

ಒಕಾಬೆಯವರು ಪಟ ತಿರುಗಿಸಿ, ಹೊದಿಸಿದ ತೆಳು ಕಾಗದ ಸರಿಸಿ ಮುಖ ನೋಡಿದರು. ಹುಬ್ಬು ಗಂಟಾಯಿತು.

“ತುಟಿ ಮಂಕಾಗಿದೆ. ತೇವ ಇದೆಯಲ್ಲ, ಒಣಗಿದ ಮೇಲೆ ಬರುತ್ತದೆ” ಎಂದರು ತಮಗೇ ಹೇಳಿಕೊಳ್ಳುವ ಹಾಗೆ. ಅಷ್ಟು ನಂಬಿಕೆ. ಬೈದಿದ್ದರೆ ಇಷ್ಟು ಹೆದರುತ್ತಿರಲಿಲ್ಲ.

ಏಪ್ರಿಲ್ 4

ನಿದ್ದೆ ಇಲ್ಲ. ಕವರನ್ನು ಜೇಬಿನಲ್ಲಿಟ್ಟರೂ ಭಯ, ಮನೆಯಲ್ಲಿ ಬಿಟ್ಟು ಹೋದರೂ ಭಯ. ನಾನು ದೆವ್ವ ನಂಬುವವಳಲ್ಲ. ಆದರೂ ಕನ್ನಡಿಯಲ್ಲಿ ನನ್ನ ಬಾಯಿ ನೋಡಿಕೊಳ್ಳಲು ಆಗುತ್ತಿಲ್ಲ.

ಏಪ್ರಿಲ್ 8, ಶನಿವಾರ

ವುಡ್‌ಬ್ರಿಡ್ಜ್‌ನ ಶಾಲೆಯೊಂದರಲ್ಲಿ ಕನ್ನಡದವರ ಯುಗಾದಿ. ಬರುವುದಿಲ್ಲ ಎಂದೆ, ಚೆಲುವರಾಜು ಕೇಳಲಿಲ್ಲ. ಅವನ ಆಫೀಸಿನಲ್ಲಿ ಇಬ್ಬರನ್ನು ತೆಗೆದಿದ್ದಾರೆ, ಅವನಿಗೂ ಜನರ ನಡುವೆ ಕೂರಬೇಕಿತ್ತು.

ಬೇವುಬೆಲ್ಲದ ತಟ್ಟೆ ಹಿಡಿದು ನಿಂತಿದ್ದೆ. ತಟ್ಟೆಯಲ್ಲಿ ಚಮಚ ಕಿಣಿಕಿಣಿ ಅಂದಿತು. ಎದುರಿಗೆ ಡಾ. ಶಿವಕಿರಣ್, ಧಾರವಾಡದವರು, ಇಲ್ಲೇ ಪ್ರಾಕ್ಟೀಸು. ನಗುತ್ತಿದ್ದವರು ನಗು ನಿಲ್ಲಿಸಿ ನನ್ನ ಕೈ, ಕೊರಳು, ಕಣ್ಣು ನೋಡಿದರು.

“ತಂಗೀ, ಎಷ್ಟ್ ದಿನಾ ಆತು ಇದು?”

“ಏನು?”

“ಕೈ.”

“ಚಳಿ” ಎಂದೆ. ಹಾಲ್‌ನಲ್ಲಿ ಎಲ್ಲರೂ ಕೋಟು ಹಾಕಿಕೊಂಡಿದ್ದರು, ನನ್ನ ರವಿಕೆ ಬೆವರಿಗೆ ಅಂಟಿಕೊಂಡಿತ್ತು.

“ಹಂಗಂದ್ರ ಸೋಮವಾರ ನಮ್ಮ ಕ್ಲಿನಿಕ್ಕಿಗೆ ಬಂದು ಹೋಗ್ರಿ. ಸುಮ್ನ ನೋಡೂಣು.”

ತಟ್ಟೆ ಅಲ್ಲೇ ಇಟ್ಟು ಕಾರಿಗೆ ಬಂದು ಕೂತೆ. ಹೆಸರು ಹೇಳಿಬಿಡುತ್ತಾರೆ. ಅಮ್ಮನ ಕಾಯಿಲೆಯ ಹೆಸರು ಒಮ್ಮೆ ಹೇಳಿಬಿಟ್ಟರೆ ಅದು ನನ್ನದಾಗಿಬಿಡುತ್ತದೆ.

ಸೋಮವಾರ ಒಕಾಬೆಯವರು ಹೊಸ ಕಾಗದ ಅಂಟಿಸುತ್ತಾರೆ. ಅಂಟಿಸಿದರೆ ಮುಗಿಯಿತು. ಇನ್ನು ನೂರು ವರ್ಷ ಅದನ್ನು ಯಾರೂ ತೆಗೆಯುವುದಿಲ್ಲ. ಯಾರಿಗೂ ಗೊತ್ತಾಗುವುದಿಲ್ಲ.

ಏಪ್ರಿಲ್ 10, ಸೋಮವಾರ

ಇದು ವಾಪಸ್ ಬರುವ ರೈಲು. ಬೆಳಿಗ್ಗೆ ಹನ್ನೊಂದೂವರೆ. ಬೋಗಿ ಖಾಲಿ.

ನಾನು ಹೋಗುವಷ್ಟರಲ್ಲಿ ಅವರು ಗೋಧಿ ಅಂಟನ್ನು ಜರಡಿಯಾಡಿ, ಕಾಗದ ಹಾಸಿ, ಕುಂಚ ಅದ್ದಿ ಎತ್ತಿದ್ದರು. ಬಾಗಿಲಿನಿಂದಲೇ “ನಿಲ್ಲಿಸಿ” ಎಂದೆ. ಅರಚಿದೆ ಎಂದೇ ಹೇಳಬೇಕು. ಮೇಜಿನ ಹತ್ತಿರ ಹೋಗಿ ಪಾಸಿನ ಕವರು ಇಟ್ಟೆ. “ತುಟಿ ಇದರಲ್ಲಿದೆ.”

ಅವರು ಎತ್ತಿದ ಕೈ ಇಳಿಸಿದರು. ಕುಂಚ ತೊಳೆದರು. ನೀರು ತಿಳಿಯಾಗುವವರೆಗೆ ತೊಳೆದರು. ಕೈ ಒರೆಸಿಕೊಂಡು ಭೂತಗನ್ನಡಿಯಲ್ಲಿ ಚೂರನ್ನು ನೋಡಿದರು.

“ಎಂದು?”

“ಇಪ್ಪತ್ತೊಂಬತ್ತಕ್ಕೆ.”

“ಹನ್ನೆರಡು ದಿನ ಇವಳನ್ನು ರೈಲಿನಲ್ಲಿ ಓಡಾಡಿಸಿದಿರಾ?”

ನಾನು ಪಾಸನ್ನು ಕವರಿನಿಂದ ತೆಗೆದು ಜೇಬಿಗೆ ಹಾಕಿಕೊಂಡೆ.

“ಕೈ ತಪ್ಪುತ್ತದೆ. ನನ್ನ ಕೈಯೂ ತಪ್ಪಿದೆ, ಕ್ಯೋಟೋದಲ್ಲಿ ನನ್ನ ಗುರುಗಳದ್ದೂ ತಪ್ಪಿತ್ತು. ಆದರೆ ಇದು ಕೈಯದಲ್ಲ.” ಅವರ ದನಿ ಏರಲೇ ಇಲ್ಲ. “ಮನೆಗೆ ಹೋಗಿ. ಇವತ್ತು ನಿಮ್ಮನ್ನು ನೋಡಲಾರೆ.”

ಕೆಲಸ ಹೋಯಿತು. ರಾಹ್ವೇ ಸ್ಟೇಷನ್. ಮುಂದಿನದು ನಮ್ಮದು.

ಏಪ್ರಿಲ್ 12, ಬುಧವಾರ

ಚೆಲುವರಾಜುಗೆ ಎಲ್ಲ ಹೇಳಿದೆ. ಮೊದಲು ತುಟಿ, ಆಮೇಲೆ ಕೈ. ಅವನು ಅಡುಗೆಮನೆಯ ಸ್ಟೂಲಿನ ಮೇಲೆ ಕೂತು ಕೇಳಿದ.

“ಕೈ ನಡುಗೋದು ನಂಗೊತ್ತಿತ್ತು” ಎಂದ. “ಸಾರು ಬಡಿಸೋವಾಗ ಸೌಟು ಪಾತ್ರೆಗೆ ಹೊಡ್ಕೊಳ್ತಿತ್ತು. ನೀನು ಹೇಳ್ಲಿ ಅಂತ ಕಾಯ್ತಿದ್ದೆ.”

“ನೀನೇ ಕೇಳ್ಬಹುದಿತ್ತಲ್ಲ?”

“ಹೆದ್ರಿಕೆ ಆಯ್ತು ಕಣೆ.”

ತಿಂಗಳುಗಟ್ಟಲೆ ಒಂದೇ ಮನೆಯಲ್ಲಿ ಇಬ್ಬರೂ ಬೇರೆ ಬೇರೆ ಹೆದರಿಕೊಂಡು ಕೂತಿದ್ದೆವು.

ಏಪ್ರಿಲ್ 14, ಶುಕ್ರವಾರ

ನಿನ್ನೆ ಒಕಾಬೆಯವರ ಫೋನು. “ಚೂರಿನ ಯಾವ ಬದಿ ಮೇಲಿತ್ತು ಎಂದು ಗೊತ್ತಿರುವುದು ನಿಮಗೊಬ್ಬರಿಗೇ. ಬನ್ನಿ.”

ಹೋದೆ. ಚಿಮಟ ನನ್ನ ಕಡೆ ಚಾಚಿದರು. ತೆಗೆದುಕೊಳ್ಳಲಿಲ್ಲ. ಬಲಗೈಯನ್ನು ದೀಪದ ಕೆಳಗೆ ಹಲಗೆಯ ಮೇಲಿಟ್ಟೆ. ಬೆರಳುಗಳು ತಮ್ಮ ಪಾಡಿಗೆ ನಡುಗಿದವು. ಇನ್ನೊಬ್ಬರ ಕಣ್ಣೆದುರು ಅವನ್ನು ಹಾಗೆ ಬಿಟ್ಟದ್ದು ಇದೇ ಮೊದಲು. ಅಮ್ಮನ ವಿಷಯವನ್ನೂ ಹೇಳಿದೆ.

ಅವರು ಹರಿದ ಪಟವನ್ನು ನೋಡುವ ಹಾಗೆಯೇ ಕೈಯನ್ನು ನೋಡಿದರು, ಮುಟ್ಟದೆ, ಎಲ್ಲ ಕಡೆಯಿಂದ.

“ಡಾಕ್ಟರಿಗೆ ತೋರಿಸಿದಿರಾ?”

“ಇಲ್ಲ.”

“ಪಟ ಬಂದಾಗ ನಾವು ಮೊದಲು ಏನು ಮಾಡುತ್ತೇವೆ?”

“ಎಲ್ಲೆಲ್ಲಿ ಏನಾಗಿದೆ ನೋಡಿ ಬರೆದಿಡುತ್ತೇವೆ.”

“ನೋಡದೆ ಯಾವುದನ್ನಾದರೂ ರಿಪೇರಿ ಮಾಡಿದ್ದೇವಾ?”

ಆಮೇಲೆ ಅವರು ಕೂತರು, ನಾನು ಅವರ ಹೆಗಲ ಹಿಂದೆ ನಿಂತೆ. ಚೂರಿನ ಕಾಗದವನ್ನು ತೇವ ಮಾಡಿ ಎಳೆ ಎಳೆಯಾಗಿ ಕಳಚಿದರು. ಅಕ್ಕಿನುಚ್ಚಿಗಿಂತ ಸಣ್ಣ ಕೆಂಪು ಉಳಿಯಿತು. “ಎಡಕ್ಕೆ” ಎಂದೆ. “ಇನ್ನೊಂದು ಎಳೆ. ಚೂಪು ತುದಿ ಗಲ್ಲದ ಕಡೆಗೆ.” ಅವರಿಗೆ ಅಷ್ಟು ಹತ್ತಿರದ್ದು ಕಾಣದು ಎಂದು ಆಗ ತಿಳಿಯಿತು. ನನ್ನ ಮಾತು ಕೇಳಿಕೊಂಡೇ ಕೈಯಾಡಿಸುತ್ತಿದ್ದರು. ಮುಕ್ಕಾಲು ಗಂಟೆ ಹಿಡಿಯಿತು. ಕೂತಿತು. ಕೂದಲೆಳೆಯಷ್ಟು ಬಿರುಕು ಉಳಿದಿದೆ, ಅದು ಉಳಿಯುತ್ತದೆ.

“ರಿಪೋರ್ಟಿನಲ್ಲಿ ನೀವೇ ಬರೆಯಬೇಕು. ಹನ್ನೆರಡು ದಿನವನ್ನೂ ಸೇರಿಸಿ” ಎಂದರು.

ಏಪ್ರಿಲ್ 19, ಬುಧವಾರ

ಡಾ. ಶಿವಕಿರಣ್ ನನ್ನ ಕೊರಳು ಒತ್ತಿ ನೋಡಿದರು, ನಾಡಿ ಎಣಿಸಿದರು, ರಕ್ತ ತೆಗೆಸಿದರು. ಬೆವರು, ಹಸಿವು, ನಿದ್ದೆ, ಕೂದಲು ಉದುರುವುದು, ಒಂದೊಂದನ್ನೂ ಕೇಳಿದರು. ಎಲ್ಲಕ್ಕೂ ಹೌದು ಎಂದೆ. ರಿಸಲ್ಟ್ ಬರಲು ಆರು ದಿನ.

ಆರು ದಿನ.

ಏಪ್ರಿಲ್ 25, ಮಂಗಳವಾರ

“ನಿಮ್ಮವ್ವನ ಬ್ಯಾನಿ ಅಲ್ರೀ ಇದು. ಥೈರಾಯ್ಡು. ಕೊರಳಾಗಿನ ಗ್ರಂಥಿ ಹುಚ್ಚ ಕುದುರಿ ಹಂಗ ಓಡಾಕತ್ತೈತಿ. ಅದಕ್ಕ ಕೈ ನಡುಗೂದು, ಎದಿ ಹೊಡಕೊಳ್ಳೂದು. ಗುಳಿಗಿ ತಗೊಂಡ್ರ ಎರಡು ಮೂರು ತಿಂಗಳಾಗ ಹತೋಟಿಗೆ ಬರ್ತೈತಿ.”

ನಾನು ಅತ್ತೆನಂತೆ. ಚೆಲುವರಾಜು ಹೇಳಿದ.

“ಅಮ್ಮನದು ಮುಂದೆ ಬರೋದಿಲ್ಲ ಅಂತೀರಾ?”

“ಹಂಗ ಬರದು ಕೊಡಾಕ ಆಗೂದಿಲ್ಲ ತಂಗಿ. ಈಗಂತೂ ಇಲ್ಲ.” ಚೀಟಿ ಬರೆಯುತ್ತಾ, “ಹೆದರಿಕಿನೂ ಅರ್ಧಾ ಈ ಗ್ರಂಥಿದೇ ಕೆಲಸ” ಎಂದರು.

“ಇನ್ನರ್ಧ?”

“ಅದಕ್ಕ ನನ್ನ ಕಡೆ ಗುಳಿಗಿ ಇಲ್ರೀ.”

ಮೇ 30

ಒಕಾಬೆಯವರು ನನಗೆ ಚಿಮಟ ಕೊಡುತ್ತಿಲ್ಲ. ಅಂಟು ಕಾಯಿಸುವುದು, ಜರಡಿಯಾಡುವುದು, ಕಾಗದ ಕತ್ತರಿಸುವುದು. ಮೂರು ತಿಂಗಳು ಹೀಗೆಯೇ ಎಂದಿದ್ದಾರೆ. ಪಟ ಹಲಗೆಯ ಮೇಲೆ ಒಣಗುತ್ತಿದೆ. ಅಂಚಿಗೆ ತುಕ್ಕುಬಣ್ಣದ ರೇಷ್ಮೆ ಆರಿಸಿದೆವು. ಇವತ್ತು ಮಧ್ಯಾಹ್ನ ಅವಳ ಕಣ್ಣು ನೋಡಿದೆ. ಅದು ನಮ್ಮನ್ನು ನೋಡುತ್ತಿಲ್ಲ, ಬಾಗಿಲಿನ ಕಡೆ ನೋಡುತ್ತಿದೆ. ಯಾರೋ ಬರಬೇಕಾದವರಿದ್ದಾರೆ ಎನ್ನುವ ಹಾಗೆ.

ಜೂನ್ 22

ಮೂರು ವಾರದಿಂದ ಬರೆದಿಲ್ಲ. ರೈಲು ಹತ್ತಿದೊಡನೆ ನಿದ್ದೆ ಹೋಗಿಬಿಡುತ್ತಿದ್ದೆ. ಇವತ್ತು ಟೋನಿ ಎಬ್ಬಿಸಿದ.

ಜುಲೈ 16, ಭಾನುವಾರ

ನಿನ್ನೆ ಸೀಬ್ರೂಕ್‌ಗೆ ಪಟ ತಲುಪಿಸಿದೆವು. ಚೆಲುವರಾಜು ಡ್ರೈವ್ ಮಾಡಿದ. ಒಕಾಬೆಯವರು ಹಿಂದಿನ ಸೀಟಿನಲ್ಲಿ, ಮಡಿಲಲ್ಲಿ ಪೆಟ್ಟಿಗೆ. ಎರಡು ಗಂಟೆ ದಾರಿಯಲ್ಲಿ ಒಮ್ಮೆಯೂ ಅದನ್ನು ಕೆಳಗಿಡಲಿಲ್ಲ.

ಮಿಸೆಸ್ ಹಮಾದಾ ಅವರದು ಸಣ್ಣ ಮನೆ. ಮಗಳು, ಅಳಿಯ, ಇಬ್ಬರು ಮೊಮ್ಮಕ್ಕಳು, ಪಕ್ಕದ ಮನೆಯ ಮುದುಕಿಯರು ಮೂವರು. ಸಂಜೆ ಬೌದ್ಧ ದೇವಸ್ಥಾನದ ಅಂಗಳದಲ್ಲಿ ಓಬೊನ್ ಕುಣಿತ ಎಂದು ಎಲ್ಲರೂ ತೆಳು ಕಿಮೋನೋ ಉಟ್ಟಿದ್ದರು.

ಪಟ ಬಿಚ್ಚುವ ಮೊದಲೇ ರಿಪೋರ್ಟ್ ತೆಗೆದು ಓದಿದೆ. ಒಕಾಬೆಯವರು ಕಣ್ಣು ಮುಚ್ಚಿ ಕೂತಿದ್ದರು. ಕೆಳತುಟಿಯ ಬಣ್ಣ ನನ್ನ ಕೈಯಿಂದ ಎದ್ದದ್ದು, ನಾನು ಬಚ್ಚಿಟ್ಟದ್ದು, ದಿನಗಳ ಲೆಕ್ಕ, ಉಳಿದ ಬಿರುಕು.

ಮಿಸೆಸ್ ಹಮಾದಾ ಪೆಟ್ಟಿಗೆಯ ಮುಚ್ಚಳದ ಮೇಲೆ ಅಂಗೈ ಇಟ್ಟರು.

“ಹನ್ನೆರಡು ದಿನ ನಿಮ್ಮ ಮನೆಯಲ್ಲಿ ಇದ್ದಳಾ?”

“ಇದ್ದಳು.”

“ಏನು ಮಾಡಿದಳು?”

“ಹೆದರಿಸಿದಳು.”

“ಅವಳಿಗೆ ಗೊತ್ತಿರೋದು ಅದೊಂದೇ” ಎಂದರು. ನಗಲಿಲ್ಲ. “ನನಗೆ ಹದಿನಾಲ್ಕು ವರ್ಷ ಆಗ. ಕ್ಯಾಂಪಿನಲ್ಲಿ ಪಹರೆಯವರು ಹಾಸಿಗೆ ಚುಚ್ಚಿ ನೋಡೋಕೆ ಬಂದಾಗ ಅಮ್ಮ ಅದರ ಮೇಲೆ ಕೂತು ಹೊಟ್ಟೆನೋವು ಅಂತ ಅತ್ತಳು. ನಾನೂ ಜೊತೆಗೆ ಅತ್ತೆ. ಆ ಸುಳ್ಳನ್ನ ಇವತ್ತಿನವರೆಗೆ ಯಾರಿಗೂ ಹೇಳಿರಲಿಲ್ಲ.” ಮಗಳು ತಿರುಗಿ ಅವರನ್ನು ನೋಡಿದಳು. “ಹೋಗಿ, ನೀವೇ ಗೋಡೆಗೆ ಹಾಕಿ.”

ಒಕಾಬೆಯವರ ಕಡೆ ನೋಡಿದೆ. ಅವರು ಪಟ ತೂಗುಹಾಕುವ ಕವೆಗೋಲನ್ನು ನನ್ನ ಕೈಗೆ ಕೊಟ್ಟರು.

ಟಿವಿಯ ಮೇಲ್ಗಡೆ ಗೋಡೆಗೆ ಮೊಳೆ. ಸುರುಳಿಯ ದಾರವನ್ನು ಕೋಲಿನ ಕವೆಗೆ ಸಿಕ್ಕಿಸಿ ಎತ್ತಿದೆ. ಔಷಧಿಗೆ ನಡುಕ ಇಳಿದಿದೆ, ಪೂರಾ ಹೋಗಿಲ್ಲ. ದಾರ ಮೊಳೆಗೆ ಬಿತ್ತು. ಎಡಗೈಯಿಂದ ಕೆಳಗಿನ ದಿಂಡು ಹಿಡಿದು ನಿಧಾನವಾಗಿ ಇಳಿಸಿದೆ. ಮೊದಲು ಕೂದಲು, ಆಮೇಲೆ ಮುಖ, ಬಿಳಿ ತೋಳು. ಕೋಲು ಇನ್ನೂ ದಾರಕ್ಕೆ ತಾಗಿಕೊಂಡಿತ್ತು. ನನ್ನ ಕೈಯ ನಡುಕ ಅದರುದ್ದಕ್ಕೂ ಹತ್ತಿ ರೇಷ್ಮೆಗೆ ಇಳಿಯಿತು. ಗಾಳಿ ಇರಲಿಲ್ಲ. ಅವಳು ತಲೆಯಿಂದ, ಇಲ್ಲದ ಕಾಲಿನವರೆಗೆ, ದೂರ ನಡೆದು ಈಗ ತಾನೇ ಬಂದು ನಿಂತವರ ಹಾಗೆ ಸಣ್ಣಗೆ ಅದುರಿದಳು.

“ಗ್ರ್ಯಾಂಡ್‌ಮಾ, ಶೀ ಮೂವ್ಡ್!” ಎಂದಳು ಕಿರಿಯ ಮೊಮ್ಮಗಳು, ಅಕ್ಕನ ತೋಳು ಹಿಡಿದು.

ಮಿಸೆಸ್ ಹಮಾದಾ ಎದ್ದು ನಿಂತು ತಲೆ ಬಾಗಿಸಿ, “ಓಕಾಎರಿ” ಎಂದರು. ಹೊರಗೆ ಹೋದವರು ಮನೆಗೆ ಬಂದಾಗ ಅನ್ನುವ ಮಾತಂತೆ. ಬಂದೆಯಾ, ಅನ್ನುವ ಹಾಗೆ.

ಯಾರೂ ಹೇಳಲಿಲ್ಲ. ಆದರೂ ಸೋಫಾದಲ್ಲಿದ್ದವರೆಲ್ಲ ಒಬ್ಬರಿಗೊಬ್ಬರು ಒತ್ತಿಕೊಂಡು ಸರಿದು ಒಬ್ಬರು ಕೂರುವಷ್ಟು ಜಾಗ ಬಿಟ್ಟರು. ಮಿಸೆಸ್ ಹಮಾದಾ ಆ ಜಾಗವನ್ನು ಅಂಗೈಯಿಂದ ತಟ್ಟಿ ನನ್ನ ಮುಖ ನೋಡಿದರು. ಕೋಲನ್ನು ಗೋಡೆಗೆ ಒರಗಿಸಿ, ಹೋಗಿ ಕೂತೆ.